ಆಯಿಲ್ ಮುಚ್ಚಳದಲ್ಲಿ ಬಿಳಿ ಕೆನೆ ಕಂಡರೆ ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತಾನಾ?

ಪ್ರಶ್ನೆ: ಸುಂಟಿಕೊಪ್ಪದ ಹತ್ತಿರ ನಮ್ಮ ತೋಟ. 1999ರ ಡೀಸೆಲ್ ಜೀಪು ಇದೆ. ಬೆಳಿಗ್ಗೆ ಪೇಟೆಗೆ ಮೂರು ಕಿಲೋಮೀಟರ್ ಹೋಗಿ ಬರುವುದು, ಅದರ ಓಟ ಅಷ್ಟೇ. ಮೊನ್ನೆ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆಲ್ಲ ಬಿಳಿ ಕೆನೆ ಮೆತ್ತಿಕೊಂಡಿತ್ತು. ರೇಡಿಯೇಟರಿಗೂ ಆಗಾಗ ಸ್ವಲ್ಪ ನೀರು ಹಾಕಬೇಕಾಗುತ್ತದೆ. ಹೆಡ್ ಗ್ಯಾಸ್ಕೆಟ್ ಹೋಗಿದೆ, ಹೆಡ್ ಇಳಿಸಲೇಬೇಕು ಅಂತ ಗ್ಯಾರೇಜಿನವರು ಹೇಳ್ತಾರೆ. ಇಳಿಸೋದಾ, ಬೇಡ್ವಾ?

ಉತ್ತರ: ಈಗಲೇ ಬೇಡ. ಗ್ಯಾಸ್ಕೆಟ್ ಹೋಗಿರಲೂಬಹುದು, ಇಲ್ಲ ಅನ್ನುತ್ತಿಲ್ಲ. ಆದರೆ ನೀವು ಹೇಳಿದ ಎರಡೂ ಲಕ್ಷಣಕ್ಕೆ ನಮ್ಮ ಕೊಡಗಿನ ಹವೆಯಲ್ಲಿ ಬೇರೆ ಕಾರಣ ಸಿಗುತ್ತದೆ. ಮೊದಲು ಅದನ್ನು ನೋಡಿ ಮುಗಿಸಿ.

ಗ್ಯಾಸ್ಕೆಟ್ ಅಂದರೆ ಏನು ಅಂತ ಎರಡೇ ಮಾತಲ್ಲಿ ಹೇಳಿಬಿಡುತ್ತೇನೆ. ಇಂಜಿನಿನ ಕೆಳಗಿನ ದೊಡ್ಡ ಭಾಗ ಬ್ಲಾಕು, ಮೇಲೆ ಕೂರುವುದು ಹೆಡ್ಡು, ನಡುವಿನ ತೆಳು ಹಾಳೆ ಹೆಡ್ ಗ್ಯಾಸ್ಕೆಟ್. ಸಿಲಿಂಡರಿನ (ಡೀಸೆಲ್ ಉರಿಯುವ ಕೊಳವೆಯ) ಬೆಂಕಿ, ತಂಪು ಮಾಡುವ ನೀರು, ಆಯಿಲ್, ಈ ಮೂರೂ ಒಂದರ ದಾರಿಗೆ ಇನ್ನೊಂದು ಬರದ ಹಾಗೆ ತಡೆಯುವುದು ಇದರ ಕೆಲಸ. ಈ ಹಾಳೆ ಎಲ್ಲಿ ಹರಿದು ತೂತಾಯಿತೋ ಅದರ ಮೇಲೆ ಲಕ್ಷಣ. ಸಿಲಿಂಡರಿನಿಂದ ನೀರಿನ ದಾರಿಗೆ ಹರಿದರೆ ರೇಡಿಯೇಟರಿನಲ್ಲಿ ಗುಳ್ಳೆ ಬರುತ್ತದೆ, ಗಾಡಿ ಹೀಟ್ ಆಗುತ್ತದೆ. ನೀರು ಆಯಿಲಿಗೆ ಸೇರಿದರೆ ಆಯಿಲ್ ಬಣ್ಣ ಕೆಡುತ್ತದೆ. ಎರಡು ಸಿಲಿಂಡರಿನ ನಡುವೆ ಹರಿದರೆ ನೀರು ಒಂದು ಹನಿಯೂ ಕಮ್ಮಿ ಆಗದೆ, ಇಂಜಿನ್ ಮಾತ್ರ ಅದುರುತ್ತಾ, ಏರಿನಲ್ಲಿ ಎಳೆಯದೆ ನಿಂತುಬಿಡುತ್ತದೆ.

ಈಗ ಕೆನೆ ವಿಷಯ. ಇಂಜಿನ್ ಉರಿಯುವಾಗ ಸ್ವಲ್ಪ ನೀರಾವಿ ಒಳಗೆ ಸೇರುತ್ತದೆ, ಹೊರಗಿನ ಗಾಳಿಯಲ್ಲೂ ತೇವ ಇರುತ್ತದೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಒಗೆದ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ ಅಂದಮೇಲೆ ಶೆಡ್ಡಿನಲ್ಲಿ ನಿಂತ ಇಂಜಿನಿನ ಹೊಟ್ಟೆ ಒಣಗಿರುತ್ತಾ? ಆಯಿಲ್ ಚೆನ್ನಾಗಿ ಕಾದರೆ ಈ ತೇವ ಆವಿಯಾಗಿ ಹೋಗುತ್ತದೆ. ಮೂರು ಕಿಲೋಮೀಟರ್ ಓಟಕ್ಕೆ ಆಯಿಲ್ ಎಲ್ಲಿ ಕಾಯುತ್ತದೆ? ಆವಿ ಹೋಗಿ ಎಲ್ಲಕ್ಕಿಂತ ತಣ್ಣಗಿರುವ ಮುಚ್ಚಳಕ್ಕೆ ತಗಲುತ್ತದೆ, ಆಯಿಲ್ ಜೊತೆ ಸೇರಿ ಕೆನೆ ಆಗುತ್ತದೆ. ಮಳೆಗಾಲದಲ್ಲಿ ಮತ್ತೆ ಡಿಸೆಂಬರ್ ಚಳಿಯಲ್ಲಿ ಇದು ಜಾಸ್ತಿ.

ಹಾಗಾದರೆ ಪತ್ತೆ ಹೇಗೆ? ಮುಚ್ಚಳ ಬಿಡಿ, ಆಯಿಲ್ ನೋಡುವ ಕಡ್ಡಿ ಎಳೆಯಿರಿ. ಹಳೆ ಡೀಸೆಲ್ ಇಂಜಿನಿನಲ್ಲಿ ಆಯಿಲ್ ಕರ್ರಗೆ ಇರಬೇಕು, ಇದ್ದರೆ ನಿರಾಳ. ಹಾಲು ಜಾಸ್ತಿ ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ, ಅಥವಾ ಹಾಕದೇ ಇದ್ದರೂ ಆಯಿಲ್ ಮಟ್ಟ ಏರಿದ್ದರೆ, ನೀರು ಸೇರಿರುವ ಸಾಧ್ಯತೆ ಬಹಳ. ಇನ್ನೂ ಅನುಮಾನ ಇದ್ದರೆ ಗಾಡಿಯನ್ನು ಒಂದು ರಾತ್ರಿ ಅಲ್ಲಾಡಿಸದೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಕೆಳಗಿನ ಡ್ರೈನ್ ಬೋಲ್ಟನ್ನು ಸ್ವಲ್ಪವೇ ಸಡಿಲಿಸಿ. ನೀರು ಆಯಿಲಿಗಿಂತ ಭಾರ, ತಳದಲ್ಲಿ ಕೂತಿದ್ದರೆ ಮೊದಲು ಅದೇ ತೊಟ್ಟಿಕ್ಕುತ್ತದೆ. ನೀರು ಕಂಡರೆ ಅಲ್ಲಿಗೆ ನಿಲ್ಲಿಸಿ, ಗಾಡಿ ಓಡಿಸಬೇಡಿ. ನೀರು ಬೆರೆತ ಆಯಿಲಿನಲ್ಲಿ ಓಡಿಸಿದರೆ ಬೇರಿಂಗ್ ತಿಂದುಹಾಕುತ್ತದೆ, ಆಮೇಲೆ ಹೆಡ್ ಒಂದನ್ನೇ ಇಳಿಸಿದರೆ ಸಾಲದು.

ಕಡ್ಡಿ ಶುದ್ಧ ಇದೆಯಾ? ಹಾಗಿದ್ದರೆ ಮುಚ್ಚಳದ ಕೆನೆ ಒರೆಸಿ, ರೇಡಿಯೇಟರ್ ನೀರು ನೋಡಿಕೊಂಡು, ಆಯಿಲ್ ಚೆನ್ನಾಗಿ ಕಾಯುವ ಹಾಗೆ ಕುಶಾಲನಗರಕ್ಕೆ ಒಂದು ಸಲ ಹೋಗಿ ಬನ್ನಿ. ಹೀಟ್ ಮುಳ್ಳಿನ ಮೇಲೆ ಒಂದು ಕಣ್ಣಿರಲಿ. ಹೀಗೆ ವಾರದಲ್ಲಿ ಎರಡು ಸಲ ಆದಮೇಲೆ ಮತ್ತೆ ಮುಚ್ಚಳ ತೆಗೆದು ನೋಡಿ. ಕೆನೆ ಇಲ್ಲ ಅಂದರೆ ಅದು ಬರೀ ಹವೆಯ ಕಾಟ.

ಇನ್ನೊಂದು ಕೇಳಿ ನೋಡಿ: ಜೀಪಿನಲ್ಲಿ ಥರ್ಮೋಸ್ಟಾಟ್ ಇದೆಯಾ? ನೀರು ಸುಮಾರು 80 ಡಿಗ್ರಿ ದಾಟುವವರೆಗೆ ರೇಡಿಯೇಟರಿಗೆ ಬಿಡದೆ ತಡೆಯುವ ಸಣ್ಣ ವಾಲ್ವ್ ಅದು. ಹಳೆ ಗಾಡಿ ಹೀಟ್ ಆಯ್ತು ಅಂದ ತಕ್ಷಣ ಅದನ್ನು ಕಿತ್ತು ಬಿಸಾಕುವ ಅಭ್ಯಾಸ ಎಷ್ಟೋ ಗ್ಯಾರೇಜಿನಲ್ಲಿದೆ. ನನಗೆ ಇದು ಸುತರಾಂ ಇಷ್ಟವಿಲ್ಲ. ಚಳಿ ಊರಲ್ಲಿ ಥರ್ಮೋಸ್ಟಾಟ್ ಇಲ್ಲದ ಇಂಜಿನ್ ಸರಿಯಾಗಿ ಕಾಯುವುದೇ ಇಲ್ಲ, ಕೆನೆ ಬಾರದೆ ಏನು ಮಾಡುತ್ತೆ?

ಸೈಲೆನ್ಸರಿನ ಬಿಳಿ ಹೊಗೆಯೂ ಹೀಗೇ. ಮಡಿಕೇರಿಯ ಮಂಜಿನಲ್ಲಿ ಬೆಳಿಗ್ಗೆ ಹೊಸ ಕಾರೂ ಬಿಳಿ ಹೊಗೆ ಬಿಡುತ್ತದೆ, ನಾವೇ ಬಾಯಿಂದ ಬಿಡುತ್ತೇವೆ ಅಲ್ವಾ! ಹತ್ತು ನಿಮಿಷ ಓಡಿ ಬಿಸಿಯಾದ ಮೇಲೆ ನಿಂತರೆ ಅದು ಬರೀ ಆವಿ. ಡೀಸೆಲ್ ಗಾಡಿಯಲ್ಲಿ ಸ್ಟಾರ್ಟ್ ಮಾಡುವಾಗ ಸಿಲಿಂಡರ್ ಕಾಯಿಸುವ ಹೀಟರ್ ಪ್ಲಗ್ ಕೆಟ್ಟಿದ್ದರೂ ಶುರುವಿನಲ್ಲಿ ಬಿಳಿ ಹೊಗೆ ಬರುತ್ತದೆ, ಅದು ಕಣ್ಣು ಉರಿಸುತ್ತದೆ. ಬಿಸಿಯಾದ ಮೇಲೂ ದಟ್ಟವಾಗಿ ಬರುತ್ತಿದ್ದರೆ, ಬರೀ ನೀರಿನ ಬದಲು ಕೂಲೆಂಟ್ ದ್ರವ ಹಾಕಿದ ಗಾಡಿಯಲ್ಲಿ ಸಿಹಿ ವಾಸನೆ ಬಂದರೆ, ಆಗ ಗ್ಯಾಸ್ಕೆಟ್ ಮೇಲೆ ಅನುಮಾನ ಪಡಿ.

ರೇಡಿಯೇಟರ್ ನೀರಿಗೆ ಬರೋಣ. ನಾನು ಸರಿಯಾಗಿ ಏಟು ತಿಂದಿದ್ದು ಇಲ್ಲೇ. ನಮ್ಮ ಹಳೆ ಓಮ್ನಿ ಸಂಪಾಜೆ ಘಾಟಿ ಹತ್ತುವಾಗ ಎರಡು ಸಲ ಕುದಿಯಿತು. ತೋರಿಸಿದ ಗ್ಯಾರೇಜಿನವರು ಒಂದು ಪರೀಕ್ಷೆಯೂ ಮಾಡದೆ ಹೆಡ್ ಇಳಿಸಿದರು. ಗ್ಯಾಸ್ಕೆಟ್ ಚೆನ್ನಾಗೇ ಇತ್ತು. ಆದರೆ ಒಮ್ಮೆ ಬಿಚ್ಚಿದ ಗ್ಯಾಸ್ಕೆಟ್ ಮತ್ತೆ ಹಾಕುವ ಹಾಗಿಲ್ಲ, ಹೊಸದು ಹಾಕಿ, ಬೋಲ್ಟುಗಳನ್ನು ಕೈ ಅಂದಾಜಿನಲ್ಲಿ ಬಿಗಿದರು. ಎರಡು ತಿಂಗಳಲ್ಲಿ ಆ ಹೊಸದು ನಿಜವಾಗಿಯೂ ಹೋಯಿತು. ಮೊದಲ ಸಲ ಕುದಿದದ್ದಕ್ಕೆ ಕಾರಣ ರೇಡಿಯೇಟರಿನ ಮುಚ್ಚಳ, ಅದರ ರಬ್ಬರು ಒಣಗಿ ಬಿರುಕು ಬಿಟ್ಟಿತ್ತು. ಆ ಮುಚ್ಚಳದ ಬೆಲೆ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮುಚ್ಚಳಕ್ಕೆ ಯಾಕೆ ಇಷ್ಟು ಮಹತ್ವ ಅಂದರೆ, ಅದು ಒಳಗೆ ಒತ್ತಡ ಹಿಡಿದಿಡುತ್ತದೆ. ಮಡಿಕೇರಿ ಸಮುದ್ರ ಮಟ್ಟದಿಂದ 1,100 ಮೀಟರಿಗೂ ಮೇಲಿದೆ, ಅಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಇದ್ದರೆ ಕುದಿಯುವ ಬಿಂದು ಮೇಲೇರುತ್ತದೆ, ಪ್ರೆಷರ್ ಕುಕ್ಕರಿನ ಲೆಕ್ಕವೇ. 13 ಪಿಎಸ್‌ಐ (ಅದು ಒತ್ತಡದ ಅಳತೆ) ಮುಚ್ಚಳ ಸರಿ ಇದ್ದರೆ 110 ಡಿಗ್ರಿ ದಾಟಿದರೂ ನೀರು ಕುದಿಯುವುದಿಲ್ಲ. ಮುಚ್ಚಳ ಸಡಿಲ ಆದರೆ ಘಾಟಿಯ ಅರ್ಧದಲ್ಲೇ ಕುದಿದು ಚೆಲ್ಲುತ್ತದೆ. ಆದ್ದರಿಂದ ಮೊದಲು ಹೊಸ ಮುಚ್ಚಳ ಹಾಕಿ, ನಿಮ್ಮ ಗಾಡಿಗೆ ಹೇಳಿದ ಒತ್ತಡದ್ದೇ ಆಗಲಿ.

ಇನ್ನೊಂದು ಸಣ್ಣ ವಿಷಯ ಇದೆ. ಪಕ್ಕದಲ್ಲಿ ನೀರಿನ ಬಾಟಲಿ ಇಲ್ಲದ ಹಳೆ ಜೀಪಿಗೆ ಕುತ್ತಿಗೆವರೆಗೆ ನೀರು ತುಂಬಿಸಿದರೆ, ಕಾದಾಗ ಹಿಗ್ಗಿ ಜಾಸ್ತಿಯಾದದ್ದು ಕೊಳವೆಯಿಂದ ಹೊರಗೆ ಹೋಗುತ್ತದೆ. ಮರುದಿನ ನೋಡಿ ಅಯ್ಯೋ ಕಮ್ಮಿಯಾಗಿದೆ ಅಂತ ಮತ್ತೆ ತುಂಬಿಸುತ್ತೇವೆ. ಒಂದು ವಾರ ತುಂಬಿಸದೆ, ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಒಂದು ಕಡ್ಡಿ ಇಳಿಸಿ ಮಟ್ಟ ಗುರುತು ಮಾಡಿ, ಓಡಿದ ಕಿಲೋಮೀಟರ್ ಜೊತೆ ಬರೆದಿಡಿ. ಒಂದೆರಡು ಇಂಚು ಇಳಿದು ಅಲ್ಲೇ ನಿಂತರೆ ಸೋರಿಕೆಯೇ ಇಲ್ಲ. ಇಳಿಯುತ್ತಲೇ ಹೋದರೆ ವಾಟರ್ ಪಂಪಿನ ಕೆಳಗಿನ ಸಣ್ಣ ತೂತು, ಹೋಸ್ ಪೈಪಿನ ಕ್ಲಿಪ್, ರೇಡಿಯೇಟರ್ ಬುಡ ನೋಡಿ. ಮಾಂದಲ್‌ಪಟ್ಟಿ ಕಡೆ ಓಡುವ ಜೀಪಾದರೆ ರೇಡಿಯೇಟರ್ ಜಾಲರಿಯಲ್ಲಿ ಕೆಸರು ಒಣಗಿ ಗಟ್ಟಿಯಾಗಿರುತ್ತದೆ, ಅದೊಂದೇ ಹೀಟ್ ಆಗುವುದಕ್ಕೆ ಸಾಕು.

ಹೊರಗೆಲ್ಲೂ ಸೋರದೆ ನೀರು ಮಾತ್ರ ಹೋಗುತ್ತಿದ್ದರೆ ಆಗ ಗ್ಯಾಸ್ಕೆಟ್ ಸರದಿ. ಪೂರ್ತಿ ತಣ್ಣಗಿರುವ ಇಂಜಿನ್ ಸ್ಟಾರ್ಟ್ ಮಾಡಿ, ಮೇಲಿನ ಹೋಸ್ ಪೈಪನ್ನು ಒತ್ತಿ ಹಿಡಿಯಿರಿ (ಫ್ಯಾನ್ ಹತ್ತಿರ ಕೈ, ಪಂಚೆ, ಶಾಲು ಯಾವುದೂ ಬೇಡ). ಒಂದೆರಡು ನಿಮಿಷದಲ್ಲಿ, ಇನ್ನೂ ತಣ್ಣಗಿರುವಾಗಲೇ, ಅದು ಕಲ್ಲಿನಂತೆ ಗಟ್ಟಿಯಾದರೆ ಸಿಲಿಂಡರಿನ ಗಾಳಿ ನೀರಿಗೆ ನುಗ್ಗುತ್ತಿದೆ. ಇನ್ನೊಂದು ಬೆಳಿಗ್ಗೆ, ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದಿಟ್ಟು ಸ್ಟಾರ್ಟ್ ಮಾಡಿ ನೋಡಿ. ಮೊದಲು ನಾಲ್ಕು ಗುಳ್ಳೆ ಬಂದರೆ ಏನಿಲ್ಲ, ಸಿಕ್ಕಿಕೊಂಡಿದ್ದ ಗಾಳಿ ಅದು. ನಿಲ್ಲದೆ ಬರುತ್ತಿದ್ದರೆ, ಆಕ್ಸಿಲರೇಟರ್ ಕೊಟ್ಟಾಗ ಜಾಸ್ತಿ ಆದರೆ, ಅದು ಗ್ಯಾಸ್ಕೆಟ್ಟು ಅಥವಾ ಹೆಡ್ಡಿನ ಬಿರುಕು. ನೀರು ಬಿಸಿ ಆಗುವ ಮೊದಲು ನಿಲ್ಲಿಸಿ. ಬಿಸಿ ರೇಡಿಯೇಟರ್ ಮುಚ್ಚಳ ಮಾತ್ರ ಯಾವತ್ತೂ ತೆಗೆಯಬೇಡಿ, ಮುಖ ಸುಟ್ಟುಕೊಂಡವರನ್ನು ನೋಡಿದ್ದೇನೆ.

ಆಮೇಲೆ ಗ್ಯಾರೇಜಿಗೆ ಹೋಗಿ, ಆದರೆ ಹೆಡ್ ಇಳಿಸಿ ಅನ್ನಬೇಡಿ, ಪರೀಕ್ಷೆ ಮಾಡಿ ಅನ್ನಿ. ಕೈಪಂಪಿನಿಂದ ರೇಡಿಯೇಟರಿಗೆ ಒತ್ತಡ ಕೊಟ್ಟು ಇಳಿಯುತ್ತಾ ನೋಡುವುದು ಒಂದು. ಕಂಪ್ರೆಷನ್, ಅಂದರೆ ಸಿಲಿಂಡರಿನ ಒಳಗೆ ಗಾಳಿ ಎಷ್ಟು ಒತ್ತುತ್ತದೆ ಅಂತ, ನೋಡುವುದು ಇನ್ನೊಂದು, ಅಕ್ಕಪಕ್ಕದ ಎರಡು ಸಿಲಿಂಡರಿನಲ್ಲಿ ಮಾತ್ರ ಕಮ್ಮಿ ಬಂದರೆ ಅವೆರಡರ ನಡುವೆ ಹರಿದಿರುವ ಸಾಧ್ಯತೆ ಬಹಳ. ಮೂರನೆಯದು ನೀಲಿ ದ್ರವದ ಪರೀಕ್ಷೆ: ರೇಡಿಯೇಟರ್ ಬಾಯಿಂದ ಬರುವ ಗಾಳಿಯನ್ನು ಆ ದ್ರವದ ಮೂಲಕ ಎಳೆಯುತ್ತಾರೆ, ಇಂಜಿನ್ ಹೊಗೆಯ ಇಂಗಾಲದ ಡೈಆಕ್ಸೈಡ್ ಇದ್ದರೆ ನೀಲಿ ಹೋಗಿ ಹಳದಿ ಆಗುತ್ತದೆ. ಮಳೆಗಾಲದ ಕಕ್ಕಡ ತಿಂಗಳಲ್ಲಿ ನಾವು ಮದ್ದು ಸೊಪ್ಪು ಬೇಯಿಸಿದ ನೀರು ನೇರಳೆ ಬಣ್ಣಕ್ಕೆ ತಿರುಗಿದಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಡೀಸೆಲ್ ಹೊಗೆಯಲ್ಲಿ ಆ ಅನಿಲ ಕಮ್ಮಿ, ಹಾಗಾಗಿ ಡೀಸೆಲಿಗೆ ಅಂತಲೇ ಬರುವ ದ್ರವ ಬೇಕು ಅಂತ ಹೇಳಿ.

ಅರಿಶಿನ ಪುಡಿ ಹಾಕಿ, ಸೋರುವುದು ನಿಲ್ಲುತ್ತೆ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ರೇಡಿಯೇಟರಿನ ಸೂಜಿಮೊನೆ ತೂತಿಗೆ ಅದು ಒಂದು ದಿನಕ್ಕೆ ಆದೀತು, ಗ್ಯಾಸ್ಕೆಟ್ಟಿಗಲ್ಲ. ಅಂಗಡಿಯಲ್ಲಿ ಸಿಗುವ ಬಾಟಲಿ ಮದ್ದೂ ಅಷ್ಟೇ, ರೇಡಿಯೇಟರಿನ ಸಣ್ಣ ನಾಳಗಳನ್ನೂ ಕಟ್ಟಿಬಿಡುತ್ತದೆ. ಗಾಡಿ ಮಾರುವವರು ಹಾಕುತ್ತಾರೆ, ಹಳೆ ಗಾಡಿ ಕೊಳ್ಳುವಾಗ ನೆನಪಿರಲಿ.

ಪರೀಕ್ಷೆಯಲ್ಲಿ ನಿಜವಾಗಿ ಹೋಗಿದೆ ಅಂತಾದರೆ ಹೆಡ್ ಇಳಿಸಲೇಬೇಕು. ಆಗ ಪಕ್ಕದಲ್ಲೇ ನಿಂತು ನೋಡಿ. ಹೆಡ್ಡಿನ ಅಡಿಭಾಗಕ್ಕೆ ನೇರ ಪಟ್ಟಿ ಇಟ್ಟು ಫೀಲರ್ ಗೇಜ್ ಅನ್ನುವ ತೆಳು ಅಳತೆ ಪಟ್ಟಿಯಿಂದ ಬಾಗಿದೆಯಾ ಅಂತ ಅಳೆಯಬೇಕು, 0.1 ಮಿಲಿಮೀಟರ್ ವ್ಯತ್ಯಾಸವೂ ಇಲ್ಲಿ ಜಾಸ್ತಿಯೇ. ಬಾಗಿದ್ದರೆ ಫೇಸಿಂಗ್ (ಮೆಷಿನ್ನಿನಲ್ಲಿ ಸವೆಸಿ ಸಮತಟ್ಟು ಮಾಡುವುದು) ಮಾಡಿಸಬೇಕು, ಬಿರುಕು ಇದೆಯಾ ಅಂತ ಅಲ್ಲೇ ನೋಡಿಸಬೇಕು. ಕೆಲವು ಡೀಸೆಲ್ ಇಂಜಿನಿಗೆ ಗ್ಯಾಸ್ಕೆಟ್ ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ, ಹಳೆಯದನ್ನು ಬಿಸಾಡದೆ ಅಂಗಡಿಗೆ ಒಯ್ಯಿರಿ. ಬೋಲ್ಟುಗಳನ್ನು, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚಿನಿಂದಲೇ, ನಡುವಿನಿಂದ ಹೊರಕ್ಕೆ, ಎರಡು ಮೂರು ಸುತ್ತಿನಲ್ಲಿ ಬಿಗಿಯಬೇಕು. ಟಾರ್ಕ್ ರೆಂಚ್ ಇಲ್ಲ, ನನ್ನ ಕೈಯೇ ಅಳತೆ ಅನ್ನುವವರಿಗೆ ನಮಸ್ಕಾರ ಹೇಳಿ ಬೇರೆ ಕಡೆ ಹೋಗಿ. ಹೊಸ ಆಯಿಲ್, ಫಿಲ್ಟರ್ ಹಾಕಿಸಿ. ಮೊದಲು ಹೀಟ್ ಆದದ್ದು ಯಾಕೆ ಅನ್ನುವುದನ್ನು ಸರಿ ಮಾಡದೆ ಮಾತ್ರ ಗಾಡಿ ಹೊರಗೆ ತರಬೇಡಿ.

ನಿಮ್ಮ ಜೀಪು 1999ರದ್ದು, 15 ವರ್ಷ ದಾಟಿ ಆಯ್ತು. ಆರ್‌ಸಿ ಐದೈದು ವರ್ಷಕ್ಕೆ ನವೀಕರಣ ಆಗಬೇಕಾದ್ದರಿಂದ, ದೊಡ್ಡ ಖರ್ಚಿಗೆ ಇಳಿಯುವ ಮೊದಲು ಇನ್ನೆಷ್ಟು ವರ್ಷ ಉಳಿದಿದೆ ನೋಡಿಕೊಳ್ಳಿ. ಬಾಡಿ, ಚಾಸಿಸ್ ತುಕ್ಕು ಹಿಡಿಯದೆ ಗಟ್ಟಿ ಇದ್ದರೆ ನಾನಾದರೆ ಖರ್ಚು ಮಾಡುತ್ತೇನೆ. ತೋಟದ ಕೆಲಸಕ್ಕೆ ಆ ಜೀಪಿನ ಜಾಗ ತುಂಬುವ ಗಾಡಿ ಸುಲಭಕ್ಕೆ ಸಿಗುವುದಿಲ್ಲ.

ಕೆಲಸ ಮಾಡಿಸುವುದೇ ಆದರೆ ಕಾಫಿ ಹಣ್ಣು ಕೊಯ್ಯುವ ಸಮಯಕ್ಕೆ ಇಟ್ಟುಕೊಳ್ಳಬೇಡಿ. ಫೇಸಿಂಗಿಗೆ ಹೆಡ್ ಮೈಸೂರಿಗೆ ಹೋಗಿ ಬರಬೇಕಾದರೆ ವಾರ ಹಿಡಿಯುತ್ತದೆ, ಕಣದಲ್ಲಿ ಕಾಫಿ ಒಣಗಿ ಮೂಟೆ ಕಟ್ಟಿಟ್ಟಿರುವಾಗ ಜೀಪು ಹೆಡ್ ಇಲ್ಲದೆ ಶೆಡ್ಡಿನಲ್ಲಿ ನಿಂತಿದ್ದರೆ, ಬಾಡಿಗೆ ಪಿಕಪ್ಪಿಗೆ ಕೊಡುವ ದುಡ್ಡೇ ಗ್ಯಾಸ್ಕೆಟ್ ಬೆಲೆಯನ್ನು ಮೀರಿಸುತ್ತದೆ.