ಶಾಲೆಯ ಸುತ್ತ 100 ಗಜ: ಅಳತೆ ಎಲ್ಲಿಂದ, ಕಾವಲು ಯಾರದು?

ಶಾಲೆಯ ಸುತ್ತ ಮಾದಕ ವಸ್ತು ಮುಕ್ತ ವಲಯ ಮಾಡುವುದರ ಬಗ್ಗೆ ಓದುತ್ತಾ ಬರೆದುಕೊಂಡ ಟಿಪ್ಪಣಿ ಇದು. ತಂಬಾಕು, ಗಾಂಜಾ ಮಕ್ಕಳಿಗೆ ಏನು ಮಾಡುತ್ತವೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಅದು ಎಲ್ಲರಿಗೂ ಗೊತ್ತಿದೆ.

ಯಾವ ಕಾಯ್ದೆ ಏನು ಹೇಳುತ್ತದೆ

ಮೊದಲು ತಂಬಾಕು. 2003ರ ಕೋಟ್ಪಾ (ತಂಬಾಕು ನಿಯಂತ್ರಣ) ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ 18 ವರ್ಷದೊಳಗಿನವರಿಗೆ ಬೀಡಿ, ಸಿಗರೇಟು, ಗುಟ್ಕಾ ಮಾರುವಂತಿಲ್ಲ. ಶಿಕ್ಷಣ ಸಂಸ್ಥೆಯ 100 ಗಜದೊಳಗೆ ಯಾರಿಗೂ ಮಾರುವಂತಿಲ್ಲ. ದಂಡ 200 ರೂಪಾಯಿವರೆಗೆ. ಕರ್ನಾಟಕ 2025ರಲ್ಲಿ ಜಾರಿಗೆ ತಂದ ತಿದ್ದುಪಡಿ ವಯಸ್ಸನ್ನು 21ಕ್ಕೆ, ದಂಡವನ್ನು 1000 ರೂಪಾಯಿಗೆ ಏರಿಸಿತು.

ಗಾಂಜಾ, ಮತ್ತೇರಿಸುವ ಮಾತ್ರೆಗಳ ವಿಷಯ ಬೇರೆ. ಅವು 1985ರ ಎನ್‌ಡಿಪಿಎಸ್ (ಮಾದಕ ವಸ್ತು ನಿಯಂತ್ರಣ) ಕಾಯ್ದೆಗೆ ಬರುತ್ತವೆ. ಗಾಂಜಾ ಎಲ್ಲಿ ಮಾರಿದರೂ ಅಪರಾಧವೇ, ಅಲ್ವಾ? ಹಾಗಾಗಿ ಅಲ್ಲಿ ಗಜದ ಲೆಕ್ಕ ಇಲ್ಲ. ಆದರೆ ಶಾಲೆಯೊಳಗೆ ಅಥವಾ ತೀರಾ ಹತ್ತಿರದಲ್ಲಿ ಮಾರಿದ್ದರೆ, ಕನಿಷ್ಠ ಶಿಕ್ಷೆಗಿಂತ ಜಾಸ್ತಿ ಕೊಡಲು ನ್ಯಾಯಾಲಯ ಅದನ್ನು ಕಾರಣವಾಗಿ ಪರಿಗಣಿಸಬಹುದು (ಸೆಕ್ಷನ್ 32ಬಿ). ಇದರ ಜೊತೆಗೆ 2015ರ ಬಾಲ ನ್ಯಾಯ ಕಾಯ್ದೆ ಇದೆ. ಮಗುವಿನ ಕೈಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಕೊಟ್ಟರೆ 7 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ (ಸೆಕ್ಷನ್ 77). ಮಗುವಿನಿಂದ ಸಾಗಣೆ, ಮಾರಾಟ ಮಾಡಿಸಿದರೂ ಅಷ್ಟೇ ಶಿಕ್ಷೆ (ಸೆಕ್ಷನ್ 78). 200, 1000 ರೂಪಾಯಿ ದಂಡ ಅಂದರೆ ಹಗುರವಾಗಿ ನೋಡುವವರಿಗೆ ಈ 77ನೇ ಸೆಕ್ಷನ್ ತೋರಿಸಿ.

100 ಗಜ ಅಳೆಯುವುದು

ನನಗೆ ಅತಿ ಹೆಚ್ಚು ಹೊತ್ತು ಹಿಡಿದದ್ದು ಇದೇ. 100 ಗಜ ಎಂದರೆ 91.44 ಮೀಟರ್, ಅದು ಸುಲಭ. ಎಲ್ಲಿಂದ ಶುರು ಮಾಡಬೇಕು ಎಂಬುದೇ ಪ್ರಶ್ನೆ. ಸುಮ್ನೆ ಗೇಟಿನ ಮುಂದೆ ನಿಂತು ರಸ್ತೆಯ ಉದ್ದಕ್ಕೆ ಟೇಪ್ ಎಳೆಯೋಣ ಅನ್ನಿಸುತ್ತದೆ. ನಿಯಮ ಹಾಗಿಲ್ಲ. ಕಾಂಪೌಂಡ್ ಗೋಡೆ ಅಥವಾ ಬೇಲಿಯ ಹೊರ ಅಂಚಿನಿಂದ, ಎಲ್ಲ ದಿಕ್ಕಿಗೂ, ನೇರ ಗೆರೆಯಲ್ಲಿ ಅಳೆಯಬೇಕು. ರಸ್ತೆ ಸುತ್ತಿ ಬರುವ ದೂರ ಲೆಕ್ಕಕ್ಕಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ಶಾಲೆಯ ಜಾಗ 100 ಮೀಟರ್ ಉದ್ದ, 60 ಮೀಟರ್ ಅಗಲ. ಗೇಟು ಉದ್ದದ ಬದಿಯ ನಡುವೆ ಇದೆ. ಹಿಂದಿನ ಗೋಡೆಯಿಂದ 50 ಮೀಟರ್ ಆಚೆ, ಗೇಟಿಗೆ ನೇರವಾಗಿ ಒಂದು ಪೆಟ್ಟಿಗೆ ಅಂಗಡಿ. ಗೇಟಿನಿಂದ ಅಳೆದರೆ 60 ಕೂಡಿಸು 50, ಅಂದರೆ 110 ಮೀಟರ್. ಅಂಗಡಿ ವಲಯದ ಹೊರಗೆ! ಗೋಡೆಯಿಂದ ಅಳೆದರೆ ಬರೀ 50. ಅಂಗಡಿ ಪೂರ್ತಿ ಒಳಗೆ.

ಜಾಗದ ಲೆಕ್ಕದಲ್ಲೂ ಅಂತರ ದೊಡ್ಡದು. ಗೇಟನ್ನು ಕೇಂದ್ರ ಮಾಡಿದರೆ ಸುಮಾರು 26,300 ಚದರ ಮೀಟರ್ ಸಿಗುತ್ತದೆ. ಗೋಡೆಯಿಂದ ಹಿಡಿದರೆ, ಶಾಲೆಯ ಜಾಗವೂ ಸೇರಿ, ಸುಮಾರು 61,500. ಆಕಾರವೂ ಗುಂಡಗಿರುವುದಿಲ್ಲ, ಮೂಲೆ ದುಂಡಾದ ಆಯತ ಬರುತ್ತದೆ. ನಾಲ್ಕು ಗೋಡೆಯಿಂದಲೂ 91 ಮೀಟರ್ ಹೊರಗೆ ಗೆರೆ ಎಳೆಯಿರಿ, ಮೂಲೆಗಳಲ್ಲಿ ಕಾಲು ವೃತ್ತ ಸೇರಿಸಿ, ಮುಗಿಯಿತು. ಮೊಬೈಲ್ ನಕ್ಷೆಯಲ್ಲಿ ದೂರ ಅಳೆಯುವ ಸೌಲಭ್ಯ ನೇರ ಗೆರೆಯಲ್ಲೇ ಅಳೆಯುತ್ತದೆ, ಅದನ್ನೇ ಬಳಸಿ. ದಾರಿ ತೋರಿಸುವ ಸೌಲಭ್ಯ ಬೇಡ, ಅದು ರಸ್ತೆ ಹಿಡಿದು ಲೆಕ್ಕ ಹಾಕುತ್ತದೆ.

ಹಿಂಬದಿಯ ಗೋಡೆಗೆ ಇಷ್ಟು ಒತ್ತು ಕೊಡಲು ಕಾರಣವಿದೆ. ಗೇಟಿನ ಮುಂದೆ ಶಿಕ್ಷಕರು, ಪೋಷಕರು ಓಡಾಡುತ್ತಾರೆ. ಹಿಂದಿನ ಓಣಿಯ ಕಡೆ ಯಾರ ಕಣ್ಣೂ ಹೋಗುವುದಿಲ್ಲ.

ಜನ ಸೇರುವುದು

ಮೆರವಣಿಗೆ, ಪ್ರಮಾಣ ವಚನ ಆಮೇಲೆ ಇರಲಿ. ಮೊದಲ ಕೆಲಸ ನಕ್ಷೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಒಬ್ಬ ಶಿಕ್ಷಕಿ, ಪಂಚಾಯಿತಿ ಅಥವಾ ವಾರ್ಡಿನವರು, ಬೀಟ್ ಪೊಲೀಸ್ ಒಟ್ಟಿಗೆ ಸುತ್ತು ಹಾಕಬೇಕು. ಅಂಗಡಿ, ದೀಪ ಇಲ್ಲದ ಮೂಲೆ, ಪಾಳು ಕಟ್ಟಡ ಎಲ್ಲ ಗುರುತಿಸಬೇಕು. ಅಂಗಡಿಯವರನ್ನೂ ಕೂರಿಸಿ ಮಾತಾಡಬೇಕು. ಅವರ ಹೊಟ್ಟೆಪಾಡಿನ ಪ್ರಶ್ನೆ ಇದು, ಗೆರೆ ಎಲ್ಲಿದೆ ಎಂದು ಅವರಿಗೆ ಮೊದಲೇ ತಿಳಿಯಬೇಕು. ಓಣಿಗೆ ಹೊಸಬರು ಬಂದು ನಿಂತರೆ ಮೊದಲು ಗೊತ್ತಾಗುವುದೂ ಅವರಿಗೇ.

ತಂಬಾಕು ಮುಕ್ತ ಶಿಕ್ಷಣ ಸಂಸ್ಥೆಯ ಮಾರ್ಗಸೂಚಿ 100 ಗಜಕ್ಕೆ ಹಳದಿ ಗೆರೆ ಎಳೆಯಲು ಹೇಳುತ್ತದೆ. ಹೊರಗಡೆ ಫಲಕ ಕಡ್ಡಾಯ. ಉಸ್ತುವಾರಿಗೆ ತಂಬಾಕು ಮಾನಿಟರ್ ಒಬ್ಬರನ್ನು ನೇಮಿಸಬೇಕು.

ಮಗು ಸಿಕ್ಕಿಬಿದ್ದರೆ

ಬೈದು ಟಿಸಿ ಕೊಡುವುದು ಪರಿಹಾರವಲ್ಲ. ಮಾದಕ ವಸ್ತು ಮಗುವಿಗೆ ಎಲ್ಲಿಂದ ಸಿಕ್ಕಿತು ಎಂದು ವಿಚಾರಿಸುವುದು ಪೊಲೀಸರ ಕೆಲಸ. ಮಗುವಿಗೆ ಬೇಕಾದದ್ದು ಆಪ್ತ ಸಮಾಲೋಚನೆ, ಚಿಕಿತ್ಸೆ. ವ್ಯಸನ ಬಿಡಿಸುವ ಸಹಾಯಕ್ಕೆ 14446, ಮಗುವಿಗೆ ರಕ್ಷಣೆ ಬೇಕಿದ್ದರೆ 1098, ಮಾರುವವರ ಬಗ್ಗೆ ಮಾಹಿತಿ ಕೊಡಲು 1933. ಈ ಮೂರೂ ಸಂಖ್ಯೆ ಶಾಲೆಯ ಗೋಡೆಯ ಮೇಲೆ ಮಕ್ಕಳ ಕಣ್ಣೆತ್ತರಕ್ಕೆ ಇರಲಿ.