ಪೋಸ್ಟೋಸೂಕಸ್: ಡೈನೋಸಾರ್ ಅಲ್ಲದ ಬೇಟೆಗಾರ

ದೊಡ್ಡ ತಲೆ, ಗರಗಸದ ಅಂಚಿನ ಹಲ್ಲು, ಗಿಡ್ಡ ಮುಂಗಾಲು. ಇಷ್ಟು ಹೇಳಿದರೆ ಯಾರಿಗಾದರೂ ಮೊದಲು ಹೊಳೆಯುವುದು ಟಿರನೋಸಾರಸ್. ಅಮೆರಿಕದ ಟೆಕ್ಸಾಸ್‌ನ ಪೋಸ್ಟ್ ಊರಿನ ಬಳಿ ಸಿಕ್ಕ ಪಳೆಯುಳಿಕೆಗೆ 1985ರಲ್ಲಿ ಪೋಸ್ಟೋಸೂಕಸ್ ಎಂದು ಹೆಸರಿಟ್ಟ ಪಳೆಯುಳಿಕೆ ತಜ್ಞ ಶಂಕರ್ ಚಟರ್ಜಿಯವರು ಕೂಡ ಅದರ ಬಳಗವನ್ನು ಟಿರನೋಸಾರ್‌ಗಳ ಪೂರ್ವಜರ ಸಾಲಿಗೆ ಸೇರಿಸಿದ್ದರು. ಆ ವಾದ ನಿಲ್ಲಲಿಲ್ಲ. ಇದು ಮೊಸಳೆಗಳ ಕವಲಿಗೆ ಸೇರಿದ, ನಾಲ್ಕೈದು ಮೀಟರ್ ಉದ್ದದ ಸರೀಸೃಪ.

ಗುರುತು ಹಿಡಿಯಲು ಹಲ್ಲು ನೋಡಬೇಡಿ, ಕಾಲು ನೋಡಿ. ಮಾಂಸ ಹರಿಯುವ ಹಲ್ಲು ಯಾವ ಕವಲಿನಲ್ಲಾದರೂ ಮೂಡಬಹುದು; ಕೀಲುಗಳು ಅಷ್ಟು ಸುಲಭವಾಗಿ ವೇಷ ಹಾಕುವುದಿಲ್ಲ. ಡೈನೋಸಾರ್‌ಗಳ ಪಾದದಲ್ಲಿ ಮೇಲಿನ ಎರಡು ಮೂಳೆಗಳು ಮೊಣಕಾಲಿನ ಕೆಳಗಿನ ಮೂಳೆಗೆ ಅಂಟಿದಂತಿದ್ದು, ಪಾದ ಅವುಗಳ ಕೆಳಗೆ ಮಡಚುತ್ತದೆ. ಮೊಸಳೆ ಕವಲಿನಲ್ಲಿ ಆ ಎರಡು ಮೂಳೆಗಳ ನಡುವೆಯೇ ಕೀಲು: ಒಂದರ ಗೂಟ ಇನ್ನೊಂದರ ಕುಳಿಯಲ್ಲಿ ತಿರುಗುತ್ತದೆ. ಸೊಂಟವೂ ಬೇರೆ. ಡೈನೋಸಾರ್‌ನ ತೊಡೆಮೂಳೆಯ ತಲೆ ಒಳಕ್ಕೆ ಬಾಗಿ ಸೊಂಟದ ಕುಳಿಯೊಳಗೆ ಕೂರುತ್ತದೆ. ಪೋಸ್ಟೋಸೂಕಸ್‌ನಲ್ಲಿ ಸೊಂಟದ ಮೂಳೆಯೇ ಹೊರಚಾಚಿ, ಸಜ್ಜದ ಕೆಳಗೆ ಕಂಬ ನಿಲ್ಲಿಸಿದಂತೆ ತೊಡೆಮೂಳೆಯನ್ನು ಮುಚ್ಚುತ್ತದೆ. ಕಾಲು ನೆಟ್ಟಗಾದದ್ದು ಎರಡು ಕವಲುಗಳಲ್ಲೂ ಹೌದು, ಆದರೆ ಬೇರೆ ಬೇರೆ ದಾರಿಯಲ್ಲಿ. ಮುಂಗಾಲು ಹಿಂಗಾಲಿಗಿಂತ ಬಹಳ ಗಿಡ್ಡವಿರುವುದರಿಂದ ಪೋಸ್ಟೋಸೂಕಸ್ ಎರಡೇ ಕಾಲಲ್ಲಿ ನಡೆಯುತ್ತಿತ್ತೇ ಎಂಬ ಚರ್ಚೆಯೂ ಇದೆ.

ಅದು ಬದುಕಿದ್ದ ಕಾಲ ಟ್ರಯಾಸಿಕ್ ಯುಗದ ಕೊನೆಯ ಭಾಗ, ಸ್ಥೂಲವಾಗಿ 22 ಕೋಟಿ ವರ್ಷಗಳ ಹಿಂದೆ. ಖಂಡಗಳೆಲ್ಲ ಪ್ಯಾಂಜಿಯಾ ಎಂಬ ಒಂದೇ ನೆಲವಾಗಿದ್ದವು. ಟೆಕ್ಸಾಸ್ ಭೂಮಧ್ಯರೇಖೆಗೆ ಸಮೀಪವಿತ್ತು. ಅಷ್ಟು ದೊಡ್ಡ ನೆಲದ ಮೇಲೆ ಮುಂಗಾರಿನ ಅಬ್ಬರವೂ ದೊಡ್ಡದು, ಬೇಸಿಗೆಯ ಒಣಗುವಿಕೆಯೂ ದೊಡ್ಡದು. ಹುಲ್ಲಿಲ್ಲ, ಹೂವಿಲ್ಲ; ಜರೀಗಿಡ, ತಾಳೆಯಂತೆ ಕಾಣುವ ಸೈಕಡ್, ಎತ್ತರದ ಶಂಕುಧಾರಿ ಮರಗಳು. ನದಿಯಲ್ಲಿ ಉದ್ದ ಮೂತಿಯ ಫೈಟೋಸಾರ್‌ಗಳು: ನೋಡಲು ಥೇಟ್ ಮೊಸಳೆ, ಆದರೆ ಮೂಗಿನ ಹೊಳ್ಳೆ ಮೂತಿಯ ತುದಿಯಲ್ಲಲ್ಲ, ಕಣ್ಣಿನ ಹತ್ತಿರ. ನಮ್ಮ ಗೋದಾವರಿ ಕಣಿವೆಯ ಮಲೇರಿ ಶಿಲೆಗಳಲ್ಲಿ ಸಿಕ್ಕ ಪ್ಯಾರಾಸೂಕಸ್ ಇದೇ ಗುಂಪಿನದು. ಅದನ್ನು ವಿವರಿಸಿದವರೂ ಚಟರ್ಜಿಯವರೇ. ಡೈನೋಸಾರ್‌ಗಳು ಆಗಲೇ ಇದ್ದವು, ಆದರೆ ಅಲ್ಲಿನವು ಹೆಚ್ಚಾಗಿ ಸಣ್ಣವು.

ಪೋಸ್ಟೋಸೂಕಸ್ ಏನು ತಿನ್ನುತ್ತಿತ್ತು ಎಂಬುದಕ್ಕೆ ಊಹೆ ಬೇಕಿಲ್ಲ. ಉತ್ತರ ಕ್ಯಾರೊಲಿನಾದಲ್ಲಿ ಇಟ್ಟಿಗೆಗೆ ಮಣ್ಣು ತೆಗೆಯುವ ಕ್ವಾರಿಯೊಂದರಲ್ಲಿ ಸಿಕ್ಕ ಇನ್ನೊಂದು ಪ್ರಭೇದದ ಹೊಟ್ಟೆಯ ಭಾಗದಲ್ಲಿ ಊಟವೇ ಉಳಿದಿತ್ತು: ಮೈಮೇಲೆ ಎಲುಬಿನ ಫಲಕಗಳಿದ್ದ ಸಸ್ಯಾಹಾರಿ ಏಟೋಸಾರ್‌ನ ಮೂಳೆಗಳು, ಸಸ್ತನಿಗಳ ದೂರದ ಸಂಬಂಧಿಯೊಂದರ ಮೂತಿ, ಇನ್ನೂ ಕೆಲವು ಚೂರುಗಳು. 2008ರಲ್ಲಿ ಈ ಪ್ರಭೇದಕ್ಕೆ ಅಲಿಸೋನೆ ಎಂಬ ಹೆಸರು ಬಂತು. ಅದರ ಅಸ್ಥಿಪಂಜರದ ಅಡಿಯಲ್ಲೇ ಡ್ರೋಮಿಕೋಸೂಕಸ್ ಎಂಬ ಸಣ್ಣ ಪ್ರಾಣಿಯೂ ಸಿಕ್ಕಿತು. ಅದರ ಮೂಳೆಗಳ ಮೇಲೆ ಹಲ್ಲು ನಾಟಿದ ಗುರುತುಗಳಿದ್ದವು.

ಸುಮಾರು 20.1 ಕೋಟಿ ವರ್ಷಗಳ ಹಿಂದೆ, ಪ್ಯಾಂಜಿಯಾ ಸೀಳುವಾಗ ಉಕ್ಕಿದ ಲಾವಾ ಮತ್ತು ಅನಿಲಗಳ ಕಾಲದಲ್ಲಿ, ಮೊಸಳೆ ಕವಲಿನ ಬಹುಪಾಲು ಅಳಿಯಿತು. ಪೋಸ್ಟೋಸೂಕಸ್‌ನ ಬಳಗವೂ ಉಳಿಯಲಿಲ್ಲ. ದಾಟಿ ಬಂದದ್ದು ಡ್ರೋಮಿಕೋಸೂಕಸ್ ಸೇರಿದ್ದ ಗುಂಪು. ಇಂದಿನ ಮೊಸಳೆಗಳು ಆ ಗುಂಪಿನವೇ.