ವೆಂಟಿಲೇಟರ್ ಸಾಕು ಅನ್ನೋಕೆ ಎಷ್ಟು ಸಹಿ ಬೇಕು?

ದಯಾಮರಣ, ಲಿವಿಂಗ್ ವಿಲ್, ಗೌರವದಿಂದ ಸಾಯುವ ಹಕ್ಕು: ಎಲ್ಲಾ ಒಂದೇ ಅಂದುಕೊಂಡವರು ಜಾಸ್ತಿ. ಇಂಜೆಕ್ಷನ್ ಕೊಟ್ಟು ಸಾಯಿಸುವುದು ನಮ್ಮ ದೇಶದಲ್ಲಿ ಇವತ್ತಿಗೂ ಅಪರಾಧ. ಗುಣವಾಗುವ ಆಸೆಯೇ ಇಲ್ಲದ ರೋಗಿಯ ವೆಂಟಿಲೇಟರ್ ತೆಗೆದು, ನೋವಿಗೆ ಮಾತ್ರ ಔಷಧ ಕೊಡುವುದಕ್ಕೆ ಅವಕಾಶ ಇದೆ.

ಕಾನೂನಿಗೂ ಮೊದಲು “ಮನೆಗೆ ಕರ್ಕೊಂಡು ಹೋಗಿ” ಎಂಬ ಡಾಕ್ಟರ ಮಾತಿತ್ತು. ನಮ್ಮದೇ ಜವಾಬ್ದಾರಿ ಎಂದು ಮನೆಯವರು ಸಹಿ ಹಾಕುತ್ತಿದ್ದರು. ಊರಿಗೆ ತಂದು ಬಾಯಿಗೆ ತುಳಸಿ ನೀರು ಬಿಡುತ್ತಿದ್ದರು. ಈಗಲೂ ಎಷ್ಟೋ ಕಡೆ ಅಷ್ಟೇ ಅನ್ನಿ.

ಸಾಯುವ ಹಕ್ಕೂ ಉಂಟು ಎಂದು 1994ರಲ್ಲಿ ಹೇಳಿದ ಸುಪ್ರೀಂ ಕೋರ್ಟ್, 1996ರಲ್ಲಿ ಇಲ್ಲ ಎಂದಿತು. ವಿಷಯ ಮನೆಮಾತಾಗಿದ್ದು ಅರುಣಾ ಶಾನಭಾಗ್ ಅವರಿಂದ. ಹೊನ್ನಾವರದ ಹಳದೀಪುರದವರು, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ಹಲ್ಲೆಯಲ್ಲಿ ಮಿದುಳಿಗೆ ಪೆಟ್ಟಾಗಿ, 2015ರಲ್ಲಿ ತೀರಿಕೊಳ್ಳುವವರೆಗೆ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿದ್ದರು. ದಯಾಮರಣ ಕೋರಿ ಅವರ ಪರವಾಗಿ ಹಾಕಿದ ಅರ್ಜಿಯನ್ನು 2011ರಲ್ಲಿ ಕೋರ್ಟ್ ಒಪ್ಪಲಿಲ್ಲ. ಅಷ್ಟು ವರ್ಷ ಅವರನ್ನು ನೋಡಿಕೊಂಡ ಸಿಬ್ಬಂದಿಗೇ ಅದು ಬೇಡವಾಗಿತ್ತು. ಆದರೆ ಹೈಕೋರ್ಟ್ ಅನುಮತಿ ಪಡೆದರೆ ಇಂಥ ಬೇರೆ ರೋಗಿಗಳ ಚಿಕಿತ್ಸೆ ನಿಲ್ಲಿಸಬಹುದು ಎಂದು ಅದೇ ತೀರ್ಪು ಹೇಳಿತು.

2018ರ ಮಾರ್ಚ್ 9ಕ್ಕೆ ಸುಪ್ರೀಂ ಕೋರ್ಟ್ ತೀರ್ಪಿನಿಂದ ಲಿವಿಂಗ್ ವಿಲ್ ಬಂತು. ಕೊನೆಗಾಲದಲ್ಲಿ ಯಾವ ಚಿಕಿತ್ಸೆ ಬೇಡ ಎಂದು ಬುದ್ಧಿ ನೆಟ್ಟಗಿರುವಾಗಲೇ ಬರೆದಿಡಬಹುದು. ಗೋಜಲು ಶುರುವಾಗಿದ್ದೂ ಅಲ್ಲೇ. ಆಗಿನ ನಿಯಮದಂತೆ ಇಬ್ಬರು ಸಾಕ್ಷಿ ಸಾಲದು, ಮ್ಯಾಜಿಸ್ಟ್ರೇಟ್ ಸಹಿಯೂ ಬೇಕು. ಮುಂದೆ ಚಿಕಿತ್ಸೆ ನಿಲ್ಲಿಸುವ ಹೊತ್ತಿಗೆ ಆಸ್ಪತ್ರೆಯ ವೈದ್ಯರ ಮಂಡಳಿ ಒಪ್ಪಬೇಕು. ಆಮೇಲೆ ಜಿಲ್ಲಾಧಿಕಾರಿ ಇನ್ನೊಂದು ಮಂಡಳಿ ಮಾಡಬೇಕು. ಅವರೂ ಒಪ್ಪಿದರೆ ಮ್ಯಾಜಿಸ್ಟ್ರೇಟ್ ಖುದ್ದಾಗಿ ಬಂದು ರೋಗಿಯನ್ನು ನೋಡಬೇಕು. ಜಾತಿ ಪ್ರಮಾಣಪತ್ರಕ್ಕೇ ಮೂರು ಸಲ ಅಲೆಯುವ ನಾವು ಇದಕ್ಕೆ ಓಡಾಡ್ತೀವಾ? ರೋಗಿ ಅಲ್ಲಿವರೆಗೆ ಕಾಯಬೇಕಲ್ಲ!

ಐದು ವರ್ಷದ ಬಳಿಕ, 2023ರ ಜನವರಿಯಲ್ಲಿ, ಕೋರ್ಟೇ ಗಂಟು ಸಡಿಲಿಸಿತು. ವಿಲ್‌ಗೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಸಹಿ ಸಾಕು. ಎರಡು ಮಂಡಳಿ ಉಳಿದವು, ಆದರೆ ಆದಷ್ಟೂ 48 ಗಂಟೆಯೊಳಗೆ ಹೇಳಬೇಕು. ಮ್ಯಾಜಿಸ್ಟ್ರೇಟರಿಗೆ ತಿಳಿಸಿದರಾಯಿತು. ಎರಡನೇ ಮಂಡಳಿಗೆ ಹೊರಗಿನ ಒಬ್ಬ ವೈದ್ಯರನ್ನು ಹೆಸರಿಸುವವರು ಯಾರು ಎಂಬುದು ಕರ್ನಾಟಕದಲ್ಲಿ ಇತ್ಯರ್ಥವಾಗಿದ್ದು 2025ರ ಜನವರಿಯ ಸುತ್ತೋಲೆಯಿಂದ: ಜಿಲ್ಲಾ ಆರೋಗ್ಯಾಧಿಕಾರಿ.

ವಿಲ್ ಬರೆಯದೆ ಪ್ರಜ್ಞೆ ತಪ್ಪಿದವರಿಗೂ ದಾರಿ ಇದೆ, ಮನೆಯವರ ಒಪ್ಪಿಗೆ ಬೇಕು. ಬರೆದವರೂ ಒಂದು ಪ್ರತಿಯನ್ನು ಮನೆಯವರ ಕೈಗೆ ಕೊಡುವುದು ಒಳ್ಳೆಯದು. ಬೀರುವಿನಲ್ಲಿ ಪಹಣಿ, ಎಲ್‌ಐಸಿ ಬಾಂಡ್ ಕೆಳಗೆ ಇಟ್ಟ ಕಾಗದ ರಾತ್ರಿ ಎರಡು ಗಂಟೆಗೆ ಐಸಿಯು ಬಾಗಿಲಲ್ಲಿ ನಿಂತ ಮಗಳಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?